ಕೊಸರು

ಅಕ್ಷರಕ್ಕೆ ಮುನ್ನೂರೈವತ್ತು ಅಂದೆ.
ಆಯಮ್ಮ ಬೆರಳು ಮಡಿಚುತ್ತಾ ಹೋದರು:
ಮು, ನಿ, ಲ...
ಅಲ್ಲಿಗೆ ಬೆರಳು ನಿಂತಿತು.
'ಕ್ಷ್ಮ ಅನ್ನೋದು ಒಂದಾ, ಮೂರಾ, ಬಾಬಾಜಾನ್?'

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ಹಿಂದೆ
ಇಪ್ಪತ್ತೆರಡು ವರ್ಷ ಬ್ರಷ್ಷಿನಲ್ಲಿ ಬರೆದವನು ನಾನು.
ಬಣ್ಣದ ಕಾಲದಲ್ಲಿ ಈ ಪ್ರಶ್ನೆ ಹುಟ್ಟಿರಲಿಲ್ಲ.
ಒತ್ತೆಂದರೆ ಮಣಿಕಟ್ಟಿನ ಒಂದು ತಿರುವು,
ಉಸಿರು ಬಿಡುವಷ್ಟರಲ್ಲಿ ಮುಗಿಯುತ್ತಿತ್ತು.
ಈಗ ಅಕ್ಷರಕ್ಕೆ ಮೈ ಬಂದಿದೆ, ದಪ್ಪ ಬಂದಿದೆ,
ಒತ್ತಿಗೂ ಬೇರೆ ತುಂಡು, ಬೇರೆ ಅಂಚು, ಬೇರೆ ಸ್ಕ್ರೂ.

ಮೊದಲು ಸನ್‌ಬೋರ್ಡ್ ತೋರಿಸಿದೆ. ಹಗುರ, ಅಗ್ಗ,
ಸಂಜೆಗೇ ಕೊಡುತ್ತೇನೆ ಅಂದೆ.
ಅವರ ಅಂಗಡಿ ಬಾಗಿಲಲ್ಲೇ ಒಲೆ,
ಬಾಣಲೆ ತುಂಬ ಕಾದ ಮರಳು, ಸಿಡಿಯುವ ಕಡಲೆ.
ಮಾದರಿ ತುಂಡನ್ನು ಒಲೆಯ ಮೇಲೆ ಹಿಡಿದರು.
ಅಂಚು ಮುದುರಿತು.
'ನನ್ನ ಹೆಸರೇನು ಹಪ್ಪಳವಾ?'

ಅಕ್ರಿಲಿಕ್ ತಟ್ಟಿ ನೋಡಿ, ಹಲ್ಲುಸೆಟ್ಟು ಅಂದರು.
ಸ್ಟೀಲು ಅಕ್ಷರ, ಹಿಂದೆ ಬೆಳಕು ಅಂದರೆ,
'ಬಂಗಾರದಂಗಡಿಯೋರಿಗೆ ಮಾಡಿಕೊಡು.
ಹತ್ತು ರೂಪಾಯಿ ಕಡಲೆಗೆ ಬರೋರು
ಹೆದರಿ ಆಚೆ ಹೋಗ್ತಾರೆ.'

ಕೊನೆಗೆ ಮೂಲೆಯಲ್ಲಿದ್ದ ಹಲಗೆಗಳು.
ಮಾವು ಬೇಡ ಅಂದವನು ನಾನೇ
(ಈ ಊರಲ್ಲಿ ನಿಂತು ಹಾಗನ್ನಬಾರದು),
ಎರಡು ಮಳೆಗೆ ಹುಳು ಹೊಕ್ಕು ಪುಡಿ ಉದುರುತ್ತೆ.
ಹಲಸನ್ನು ಬೆರಳ ಗೆಣ್ಣಿನಿಂದ ಕುಟ್ಟಿ
ಕಿವಿಕೊಟ್ಟರು, ಹುರಿದದ್ದು ಸಾಕೋ, ಇನ್ನೂ ಬೇಕೋ ಅಂತ
ಬಾಣಲೆಯ ಸದ್ದು ಕೇಳುವ ಹಾಗೆ.
'ಇದು.'

ಲೆಕ್ಕ ಮಾತ್ರ ಮುಗಿದಿರಲಿಲ್ಲ.
ಷ ಬಿಡಿ, ಅದು ಕ-ದ ಹೊಟ್ಟೆಗೇ ಅಂಟಿಕೊಂಡಿದೆ.
ಮುನಿಲಕ್ಷ್ಮಮ್ಮ ಹುರಿಗಾಳು:
ಅಕ್ಷರ ಒಂಬತ್ತು, ಕೆಳಗೆ ಜೋತಾಡುವ ಮ-ಗಳು ಎರಡು,
ಒಟ್ಟು ಹನ್ನೊಂದು ಅಂದೆ.
ಆಯಮ್ಮ ಪಾವು ತುಂಬ ಕಡಲೆ ಅಳೆದು
ಅಂಗೈಯಲ್ಲಿ ತಲೆ ಸವರಿ ನನ್ನ ಚೀಲಕ್ಕೆ ಸುರಿದರು.
ಆಮೇಲೆ ಒಂದು ಹಿಡಿ ಮೇಲೆ ಹಾಕಿದರು.
'ಇದಕ್ಕೆ ನಾನು ದುಡ್ಡು ಕೇಳ್ತೀನಾ?
ಒತ್ತು ಅಂದ್ರೆ ಕೊಸರು ಕಣಪ್ಪ.'

ಒಂಬತ್ತಕ್ಕೇ ಒಪ್ಪಿದೆ.

ಚಿಂತಾಮಣಿಯಲ್ಲಿ ರೂಟರ್ ಇದೆ,
ಹತ್ತು ನಿಮಿಷಕ್ಕೆ ಕೊರೆದು ಎಸೆಯುತ್ತೆ.
ಒತ್ತನ್ನು ಮಾತ್ರ ಕುಗ್ಗಿಸಿ ಕುಗ್ಗಿಸಿ
ಅಂಗಿಯ ಗುಂಡಿಯಷ್ಟು ಮಾಡುತ್ತೆ.
ಕಾಗದದ ಮೇಲೆ ಕೈಯಲ್ಲೇ ಬರೆದೆ, ಹಲಗೆಗೆ ಅಂಟಿಸಿದೆ,
ಸಣ್ಣ ಗರಗಸ ಹಿಡಿದು ಕೂತೆ.
ಅಷ್ಟಗಲದ ಗಾ ಒಂದು ಗಂಟೆ.
ಮ-ಒತ್ತು ಒಂದು ಇಡೀ ಮಧ್ಯಾಹ್ನ:
ನಾರು ಅಡ್ಡ ಬಂದ ಕಡೆ ಬಾಲ ಎರಡು ಸಲ ಮುರಿಯಿತು.
ಪುಕ್ಕಟೆಯದೇ ಹೆಚ್ಚು ಕೆಲಸ ಕೇಳಿತು.

ಗೋಡೆಯಿಂದ ಅರ್ಧ ಅಂಗುಲ ಮುಂದೆ ನಿಲ್ಲಿಸಿದೆ,
ನೆರಳಿಗೂ ಜಾಗ ಬೇಕಲ್ಲ.
ಬೆಳಿಗ್ಗೆ ಅದು ಚಿಂತಾಮಣಿ ಕಡೆಗೆ ವಾಲುತ್ತಿತ್ತು,
ಸಂಜೆ ಮುಳಬಾಗಿಲ ಕಡೆಗೆ.
ನೆತ್ತಿಯ ಬಿಸಿಲಲ್ಲಿ ಮಾತ್ರ
ಕೊನೆಯ ಮ ತನ್ನ ಒತ್ತಿಗೆ ಕೊಡೆ ಹಿಡಿಯುತ್ತಿತ್ತು.

ತೋತಾಪುರಿ ಲಾರಿಗಳು ಸಾಲುಗಟ್ಟಿದ್ದ ಜೂನಿನಲ್ಲಿ ಫೋನು:
'ಬಾಬಾಜಾನ್, ನಿನ್ನ ಕೊಸರು ಉದುರಿದೆ.'

ಹೋಗಿ ನೋಡಿದರೆ ಗೋಡೆಯಲ್ಲಿ ಮುನಿಲಕ್ಷ್ಮಮ.
ಒತ್ತಿದ್ದ ಕಡೆ ಹೊಗೆ ಅಷ್ಟಾಗಿ ಹತ್ತದೆ
ಅಂಚು ಕದಡಿದ ಒಂದು ಬಿಳಿ ಒತ್ತು.
ತುಂಡು ಕಡಲೆ ಡಬ್ಬಿಯೊಳಗೆ ಜೋಪಾನವಾಗಿತ್ತು.
ತಿರುಗಿಸಿದೆ. ಒಂದೇ ತೂತು.

ದುಡ್ಡು ಪಡೆದ ಒಂಬತ್ತಕ್ಕೂ ಎರಡೆರಡು ಸ್ಕ್ರೂ ಹಾಕಿದ್ದೆ.
ಆಯಮ್ಮನೂ ತೂತು ನೋಡಿದ್ದರು.
ಏನೂ ಕೇಳಲಿಲ್ಲ.

ಏಣಿ ಹತ್ತಿದೆ. ಉದುರಿದ್ದಕ್ಕೂ
ಉದುರದೆ ನಿಂತಿದ್ದ ಇನ್ನೊಂದಕ್ಕೂ
ಮತ್ತೊಂದೊಂದು ತೂತು ಕೊರೆದು ಬಿಗಿದೆ.
ಇಳಿಯುವಷ್ಟರಲ್ಲಿ ಪಾವು ಅಳೆದಿಟ್ಟಿದ್ದರು.
ದುಡ್ಡು ಕೊಟ್ಟೆ. ಬೇಡ ಅನ್ನದೆ ತೆಗೆದುಕೊಂಡರು.
ಆಮೇಲೆ ಬಾಣಲೆಯ ಕಡೆ ನೋಡುತ್ತಲೇ ಒಂದು ಹಿಡಿ,
ಬೆರಳ ಸಂದಿಯಲ್ಲಿ ಒಂದು ಕಾಳೂ ಜಾರದ ಹಾಗೆ.