ಮೂರನೇ ಕಾಲಂ

ಮೇಲಿನ ಕಚೇರಿಯಿಂದ ಫಾರಂ ಬಂದಿದೆ.
ಮೊದಲ ಕಾಲಂ ಶಾಲೆಯ ಹೆಸರು, ಎರಡನೆಯದು ಮಕ್ಕಳ ಸಂಖ್ಯೆ.
ಮೂರು: ಭೇಟಿಯ ಕೊನೆಗೆ ಮಕ್ಕಳು ಏನೇನು ಮಾಡಬಲ್ಲರು?
ಕ್ರಿಯಾಪದದಲ್ಲೇ ಬರೆಯಿರಿ. ಅಳೆಯಲು ಬರಬೇಕು.

ಹೋದ ಸಲ 'ತಿಳಿಯುವರು' ಎಂದು ಬರೆದಿದ್ದೆ.
ಕೆಂಪು ಶಾಯಿ ಮೆತ್ತಿಕೊಂಡು ತಿರುಗಿ ಬಂತು:
ತಿಳಿದದ್ದನ್ನು ಯಾವ ತಕ್ಕಡಿಗೆ ಹಾಕುತ್ತೀರಿ ಮೇಡಂ?
'ಆನಂದಿಸುವರು' ಅದಕ್ಕೂ ಮುಂಚೆಯೇ ಸತ್ತಿತ್ತು.
ಉಳಿದವು ಗುರುತಿಸುವರು, ಹೆಸರಿಸುವರು, ಪಟ್ಟಿ ಮಾಡುವರು.
ಕವಾಯತಿಗೆ ನಿಂತ ಹುಡುಗರ ಹಾಗೆ
ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು.

ಫೆಬ್ರವರಿಗೇ ಬಳ್ಳಾರಿ ಕಾದಿದೆ.
ಫ್ಯಾನು ಇದ್ದ ಬಿಸಿಗಾಳಿಯನ್ನೇ ಮಗುಚಿ ಮಗುಚಿ ಬಡಿಸುತ್ತಿದೆ.
ಗಾಜಿನ ಪೆಟ್ಟಿಗೆಯಲ್ಲಿ ಸಂಗನಕಲ್ಲಿನ ಗುಡ್ಡದ ಕೊಡಲಿಗಳು
ನಂಬರಿನ ಚೀಟಿ ಹೊದ್ದು ಮಲಗಿವೆ.
ಉದ್ದ, ಅಗಲ, ತೂಕ ಎಲ್ಲ ನನಗೆ ಬಾಯಿಪಾಠ.
ಹನ್ನೊಂದು ವರ್ಷ ಧೂಳು ಒರೆಸಿದ್ದೇನೆ.

ಮಂಗಳವಾರ ಬಂದದ್ದು ಕೌಲ್‌ಬಜಾರಿನ ಶಾಲೆ,
ಏಳನೇ ತರಗತಿ, ನಲವತ್ತೊಂದು ತಲೆ, ಎರಡು ನೀರಿನ ಕ್ಯಾನು.
ನಾನಂದೆ: ಇದು ನವಶಿಲಾಯುಗ.
ಅವರೂ ಅಂದರು: ನವಶಿಲಾಯುಗ.
ಎರಡನೇ ಸಲ ಇನ್ನೂ ಜೋರಾಗಿ.
ಕಾಲಂ ಅಲ್ಲಿಗೇ ತುಂಬಿತ್ತು, ನೋಡಿದರೆ.

ಮಣಿಗಳ ಮುಂದೆ ಮೆಹತಾಬ್ ನಿಂತೇ ಇದ್ದಳು.
ಉಗುರಂಚಿನಲ್ಲಿ ಜೀನ್ಸಿನ ನೀಲಿ;
ರಾತ್ರಿ ಅಮ್ಮನ ಜೊತೆ ಕೂತು
ಪ್ಯಾಂಟುಗಳ ದಾರ ಕತ್ತರಿಸುವ ಹುಡುಗಿ.
"ಇಷ್ಟು ಸಣ್ಣ ತೂತು ಕೊರಿಯಾಕ ಒಂದು ದಿನ ಬೇಕಲ್ರಿ ಮಿಸ್.
ಪೀಸಿಗೆ ಎಷ್ಟು ಕೊಡ್ತಿದ್ರು?"

ಯಾರೂ ನಗಲಿಲ್ಲ. ಮೇಷ್ಟ್ರು ಗಡಿಯಾರ ನೋಡಿದರು.
ನನ್ನ ಹತ್ತಿರ ಮಣಿಯ ವ್ಯಾಸವಿತ್ತು, ಮಿಲಿಮೀಟರಿನಲ್ಲಿ.

ಆಮೇಲೆ ಮುಟ್ಟುವ ಮೇಜು.
ಕೊಡಲಿಗಳನ್ನು ಹುಟ್ಟಿಸಿದ ಬಡಿಗಲ್ಲು, ಮುಷ್ಟಿಯಷ್ಟು.
ಗಾದಿಲಿಂಗ ಎನ್ನುವ ಸಣಕಲ ಬಲಗೈಯಲ್ಲಿ ಎತ್ತಿದ,
ಮೇಷ್ಟ್ರ ಕಡೆಗೊಮ್ಮೆ ನೋಡಿ
ಮೆಲ್ಲಗೆ ಎಡಗೈಗೆ ದಾಟಿಸಿದ.
ಹೆಬ್ಬೆರಳು ಒಂದು ತಗ್ಗಿಗೆ ಹೋಗಿ ಕೂತಿತು,
ಬೀಗರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ ಹಾಗೆ.
"ಇವನೂ ನನ್ನಂಗ ಎಡಚ ಏನ್ರಿ?"
ಸ್ವಲ್ಪ ಹೊತ್ತು ಬಿಟ್ಟು, ಕಲ್ಲಿಗೇ ಎಂಬಂತೆ:
"ಇವನಿಗೂ ಬೈತಿದ್ರೇನು?"

ಸಂಜೆ ಬರೆದೆ: ಮಕ್ಕಳು ಕೇಳುವರು.
ಕಚೇರಿಯಿಂದ ಫೋನೇ ಬಂತು.
ಕೇಳುವರು ಅಂದರೆ? ಪ್ರಶ್ನೆ ಕೇಳುವುದೋ,
ಕಿವಿಗೊಟ್ಟು ಕೇಳುವುದೋ,
ಬೇಕು ಅಂತ ಕೇಳುವುದೋ? ಒಂದನ್ನು ಆರಿಸಿ.

ನಾನೇನು ಮಾಡಲಿ, ನಮ್ಮ ಮಾತಿನಲ್ಲಿ
ಮೂರು ಕೋಣೆಗೂ ಒಂದೇ ಬಾಗಿಲು.
ಕಪ್ಪಗಲ್ಲಿನ ಗುಡ್ಡದಲ್ಲಿ
ಬಡಿದರೆ ಗಂಟೆಯಂತೆ ನುಡಿವ ಬಂಡೆಗಳಿವೆ,
ಮೈತುಂಬ ತಟ್ಟಿ ತಟ್ಟಿ ಸವೆದ ಗುಳಿಗಳು.
ಅಲ್ಲಿ ನಿಂತವರು ಕಲ್ಲನ್ನು ಕೇಳಿದರೋ,
ಕಲ್ಲಿನಿಂದ ಕೇಳಿದರೋ,
ಯಾವ ಸಾಹೇಬ ಆರಿಸಿ ಕೊಟ್ಟ?

ಫೋನಿನಲ್ಲಿ ಇದನ್ನೆಲ್ಲ ಹೇಳಲಿಲ್ಲ. ಆಯ್ತು ಸರ್ ಅಂದೆ.

ನಾಲ್ಕನೇ ಕಾಲಂ, ಮಾಪನ ವಿಧಾನ. ಅಲ್ಲಿ ಬರೆದೆ:
ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ,
ಭೇಟಿಗೆ ಒಂದಾದರೂ. ಈ ಸಲ ಮೂರು.
ತಿರುಗಿ ಬರುತ್ತದೆ. ಬರಲಿ.

ಬೀಗ ತೆಗೆದು ಬಡಿಗಲ್ಲನ್ನು ಎತ್ತಿಕೊಂಡೆ,
ಎಡಗೈಯಲ್ಲಿ, ಹನ್ನೊಂದು ವರ್ಷಕ್ಕೆ ಮೊದಲ ಸಲ.
ಭಾರ ಬೇರೆಯೇ ಇತ್ತು.
ತಗ್ಗು ಎಲ್ಲೋ ತಪ್ಪಿಸಿಕೊಂಡಿತ್ತು.
"ಲೈಟ್ ಆರಿಸ್ಲೇನ್ರಿ ಅಕ್ಕಾರ?"
ಹೊನ್ನೂರಸಾಬರು, ಕೈ ಆಗಲೇ ಸ್ವಿಚ್ಚಿನ ಮೇಲೆ.

"ತಡೀರಿ," ಅಂದೆ,
"ಬೆರಳಿಗಿನ್ನೂ ಜಾಗ ಸಿಕ್ಕಿಲ್ಲ."