ಏಳೂವರೆ ಡಾಲರ್

ತಿಂಗಳ ಕೊನೆಗೆ ಬರುವ ಆ ಚೀಟಿಯಲ್ಲಿ
ಊರಿನ ಹೆಸರಿಲ್ಲ, ಪ್ರೀತಿಯ ಮರ್ಲಾ ಎಂಬ ಒಕ್ಕಣೆಯಿಲ್ಲ.
ಮೂಲ ವೇತನ, ಊಟದ ಭತ್ಯೆ, ಮನೆ ಬಾಡಿಗೆ,
ವಿಮೆಗೆ ಮುರಿದದ್ದು, ತೆರಿಗೆಗೆ ಮುರಿದದ್ದು,
ನಡುವೆಲ್ಲೋ, ಬಾಗಿಲ ಸಂದಿಯಲ್ಲಿ ನಿಂತ ಮಗುವಿನಂತೆ
ಒಂದು ಸಣ್ಣ ಸಾಲು:
ಅಪಾಯ ಭತ್ಯೆ.

ದಿನಕ್ಕೆ ಏಳೂವರೆ ಡಾಲರ್.
ನಮ್ಮಲ್ಲಿ ಏಳೂವರೆ ಎಂದರೆ ಶನಿಯ ಲೆಕ್ಕ,
ವಾರವಾರ ಎಳ್ಳೆಣ್ಣೆ ಸುಡುವ ಲೆಕ್ಕ.
ಕೆಂಟಕಿಯ ಮರ್ಲಾಗೆ ಅದು
ಎರಡು ಕ್ಯಾನು ಹಾಲು, ಇಲ್ಲವೇ
ಲಾಂಡ್ರಿಯಲ್ಲಿ ಎರಡು ಸಲ ಒಗೆದು
ಒಂದೇ ಸಲ ಒಣಗಿಸಿದ್ದು.

ಫೋನಿನಲ್ಲಿ ಡಾಸನ್ ಹೇಳುವುದು ಯಾವಾಗಲೂ ಒಂದೇ:
'ಗೋದಾಮಿನ ಕೆಲಸ. ಟೈರು ಎಣಿಸುತ್ತೇನೆ. ಬರೀ ಬೇಜಾರು.
ಇಲ್ಲಿ ನೊಣ ಬಿಟ್ಟರೆ ಕಚ್ಚುವವರಿಲ್ಲ.'

ಅವನು ಮುಚ್ಚಿಟ್ಟದ್ದನ್ನು ಖಜಾನೆ ಮುಚ್ಚಿಡುವುದಿಲ್ಲ.
ಮಾರ್ಚಿನಲ್ಲಿ ಹನ್ನೊಂದು ದಿನ: ಎಂಬತ್ತೆರಡೂವರೆ.
ಫ್ರಿಜ್ಜಿಗೆ ಅಂಟಿಸಿದ ಕ್ಯಾಲೆಂಡರಿನ ಎದುರು
ಅವಳು ಬರಿಗಾಲಲ್ಲಿ ನಿಂತಳು. ಯಾವ ಹನ್ನೊಂದು?
ಐವಿಯ ಮೊದಲ ಹಲ್ಲು ಬಿದ್ದ ದಿನವೂ ಸೇರಿತ್ತೆ?
ಟ್ರಕ್ಕಿನ ಗೇರು ನಡುರಸ್ತೆಯಲ್ಲಿ ಕೈಕೊಟ್ಟು
ಅವನ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈದ
ಆ ಮಂಗಳವಾರವೂ?

ಏಪ್ರಿಲ್ ಪೂರ್ತಿ ಸೊನ್ನೆ.
ಬಾಡಿಗೆ ಒಂಬತ್ತು ದಿನ ತಡವಾಯಿತು.
ಅಷ್ಟು ಗಾಢ ನಿದ್ದೆ ಅವಳಿಗೆ ಮತ್ತೆ ಬರಲಿಲ್ಲ.

ಮೇ. 'ನಾಲ್ಕು ದಿನ ಸಾಮಾನು ಸಾಗಿಸಲು ಹೋಗಿದ್ದೆ' ಎಂದಿದ್ದ.
ನಾಲ್ಕು ಏಳೂವರೆ ಮೂವತ್ತು, ಮಗ್ಗಿ ಸುಳ್ಳಾಗುವುದಿಲ್ಲ.
ಚೀಟಿಯಲ್ಲಿ ಇನ್ನೂರ ಇಪ್ಪತ್ತೈದು!
ಸರ್ಕಾರ ತಪ್ಪಿ ಕೊಟ್ಟದ್ದನ್ನು ತಪ್ಪದೆ ಕಿತ್ತುಕೊಳ್ಳುತ್ತದೆ,
ತಾನೇ ಹೋಗಿ ಹೇಳಿಬಿಡೋಣವೆಂದು
ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು
ಏಳನೇ ಕಿಟಕಿಯ ಮುಂದೆ ಸಾಲು ನಿಂತಳು.

ಸಾರ್ಜೆಂಟ್ ಒಕಾಂಪೋ ಕನ್ನಡಕ ಏರಿಸಿ ನೋಡಿದ.
'ತಪ್ಪೇನಿಲ್ಲ ಮ್ಯಾಡಂ.
ಅಪಾಯದ ಜಾಗದಲ್ಲಿ ಸುಮ್ಮನೆ ಇದ್ದರೆ ದಿನದ ಲೆಕ್ಕ.
ಮೈಮೇಲೆ ಗುಂಡು ಬಂದರೆ, ಒಂದೇ ದಿನವಾದರೂ,
ಇಡೀ ತಿಂಗಳ ಲೆಕ್ಕ.'

ಹೇಳಿಯಾದ ಮೇಲೆ ಅವನಿಗೆ ಹೊಳೆಯಿತು
ಹೇಳಿದ್ದು ಏನೆಂದು.
ಸ್ಟೇಪ್ಲರನ್ನು ಎತ್ತಿ ದೂರ ಇಟ್ಟ.
ಮತ್ತೆ ಹತ್ತಿರ ಇಟ್ಟ.

ಮೂವತ್ತನ್ನು ಅವಳು ಖರ್ಚು ಮಾಡಿದಳು, ಅದು ಅವನ ದುಡಿಮೆ.
ಉಳಿದ ನೂರ ತೊಂಬತ್ತೈದನ್ನು ಬ್ಯಾಂಕಿನಿಂದ ಬಿಡಿಸಿ
ಖಾಲಿ ಕಾಫಿ ಡಬ್ಬಿಗೆ ಹಾಕಿದಳು.
ಐವಿಗೆ ಶೂ ಕೊಡಿಸಲು ಒಯ್ದು, ಅಳತೆ ನೋಡಿ,
ಲೇಸು ಕಟ್ಟಿ, ಬಿಚ್ಚಿ, ಅಲ್ಲೇ ಇಟ್ಟು ಬಂದಳು.
ಯಾರೋ ಗುರಿಯಿಟ್ಟು ತಪ್ಪಿದ್ದಕ್ಕೆ ಬಂದ ದುಡ್ಡು,
ಅದನ್ನು ಕಾಲಿಗೆ ಹಾಕಿಕೊಂಡು ಮಗು ಹೇಗೆ ಕುಣಿದೀತು?
ಚರ್ಚಿನ ತಟ್ಟೆ ಮುಂದೆ ಬಂದಾಗಲೂ ಕೈ ಏಳಲಿಲ್ಲ.
ಗುರಿ ತಪ್ಪಿದವನಿಗೇ ಕಳಿಸೋಣವೆಂದರೆ
ವಿಳಾಸವಿಲ್ಲ.

ಆಗಸ್ಟಿನಲ್ಲಿ, ಜೀರುಂಡೆಗಳು ಮರ ಕೊರೆಯುವಂತೆ ಕೂಗುವಾಗ
ಡಾಸನ್ ಬಂದ. ಕಪ್ಪಾಗಿದ್ದ. ಚೆನ್ನಾಗಿಯೇ ಇದ್ದ.
ಬಲಗಿವಿ ಸ್ವಲ್ಪ ಮಂದ, ಅಷ್ಟೆ;
ವಿಮಾನದ ಗಾಳಿಗೆ ಹೀಗೆ, ಸರಿಹೋಗುತ್ತದೆ ಎಂದ.

ಮರುದಿನ ಬೆಳಿಗ್ಗೆ ಕಾಫಿಗೆ ತಡಕಾಡುತ್ತ
ಬೇರೆಯದೇ ಡಬ್ಬಿ ತೆರೆದ.
'ಏನಿದು ದುಡ್ಡು?'
'ಮೇ ತಿಂಗಳದ್ದು.'

ಎಣಿಸಿದ. ಮನಸ್ಸಿನಲ್ಲಿ ಮೂವತ್ತು ಕೂಡಿಸಿರಬೇಕು,
ಅಷ್ಟು ಹೊತ್ತು ಸುಮ್ಮನಿದ್ದ.
ಒಲೆಯ ಮೇಲಿನ ನೀರು ಕುದಿದು, ಉಕ್ಕಿ,
ಉರಿಗೆ ಚುರ್ರೆಂದು ಬಿತ್ತು.

'ಟೈರು ಎಣಿಸುತ್ತಿರಲಿಲ್ಲ' ಎಂದ.

ಅವಳು ಒಲೆ ಆರಿಸಿ
ಕುರ್ಚಿಯನ್ನು ಅವನ ಎಡಕ್ಕೆ
ಎಳೆದುಕೊಂಡಳು.