ಮೂರೇ ಎಲೆ

ಲಿಂಬೆ ತೀರಿತ್ತು. ಹಿತ್ತಿಲ ಬಿಂಬುಳಿ ಮರದಲ್ಲಿ
ಕಾಂಡಕ್ಕೇ ಗೊಂಚಲು. ನಾಲ್ಕು ಕಿತ್ತು ಹಿಂಡಿದೆ.
ಹಾಲು ಒಡೆಯಿತು,
ಒಡೆಯಲೆಂದೇ ಕಾದು ನಿಂತವಳ ಎದುರು.

ಸೋಸಲು ಎಲ್ಸ್ಟನ್‌ನ ತೊಟ್ಟಿಲ ಬಟ್ಟೆ:
ಹನ್ನೊಂದು ವರ್ಷ ಒಗೆದೊಗೆದು
ಬೆಳಕು ದಾಟುವಷ್ಟು ತೆಳ್ಳಗೆ.
ನಲ್ಲಿಗೆ ಕಟ್ಟಿ ತೂಗಬಿಟ್ಟೆ.
ಟಪ್.
ಕುಲಶೇಖರದ ಮಧ್ಯಾಹ್ನ, ಸೆಕೆ,
ಮೀನಿನವಳು ಬಂಗುಡೆಯ ರೇಟು ಕೂಗಿ ಹೋದಳು.
ಟಪ್.

ಮುದ್ದೆಗೆ ಉಪ್ಪು, ಜಜ್ಜಿದ ಒಂದೆಸಳು ಬೆಳ್ಳುಳ್ಳಿ,
ಕಾಳುಮೆಣಸು, ಸಡಿಲಾಗಲು ಎರಡು ಚಮಚ ಮೊಸರು.
ಇನ್ನು ಸೊಪ್ಪು.
ಅಂಗಡಿಯ ಡಬ್ಬಿಯ ಚಿತ್ರದಲ್ಲಿದ್ದದ್ದು ನಮ್ಮಲ್ಲಿ ಬೆಳೆಯದು.
ಬಾವಿಕಟ್ಟೆಯ ಹತ್ತಿರ ಒಡೆದ ಬಾಲ್ದಿಯಲ್ಲಿ
ಸಾಂಬ್ರಾಣಿ ಸೊಪ್ಪು, ದಪ್ಪ ಎಲೆ, ಮೈಯೆಲ್ಲ ರೋಮ.
ಬಾಡಿಸಿ, ಹಿಂಡಿ, ಜೇನು ಬೆರೆಸಿ
ಮೂಗು ಹಿಡಿದು ಕುಡಿಸಿದ್ದೇನೆ ಎಷ್ಟು ಮಳೆಗಾಲ!
ಮುಖಕ್ಕೇ ಉಗುಳಿದ್ದಾನೆ.

ಮೂರೇ ಎಲೆ, ಸಣ್ಣಗೆ ಹೆಚ್ಚಿ.

ಶಾಲೆಯಿಂದ ಬಂದವನು ಬ್ಯಾಗೂ ಇಳಿಸದೆ
ಹಲಸಿನ ಹಪ್ಪಳ ಮುರಿದು ಅದ್ದಿದ.
“ಮಮ್ಮಿ, ಪಿಜ್ಜಾದ ಪರಿಮಳ! ಎಂತ ಹಾಕಿದ್ದು?”

ನಾನು ಬಟ್ಟೆ ಹಿಂಡುತ್ತಿದ್ದೆ.
“ಹಾಲು,” ಎಂದೆ.

ಬಟ್ಟಲ ತಳವನ್ನು ಬೆರಳಲ್ಲಿ ಬಳಿಯುತ್ತ
ಒಮ್ಮೆ ಕೆಮ್ಮಿದ.